ಸುತ್ತಿನ ಅತ್ತಿಗೆ

ಮೇಸ್ತ್ರಿಯ ಗ್ಯಾರೇಜಿನಲ್ಲಿ ಒಂದು ಕಟ್ಟಳೆ ಇತ್ತು. ರಿಪೇರಿಯಾದ ಕಾರು ಮಾಲೀಕನ ಕೈ ಸೇರುವ ಮೊದಲು ಮೇಸ್ತ್ರಿ ತನ್ನ ಮನೆಯವರೊಬ್ಬರನ್ನು ಅದರಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿಬರಬೇಕು. ಬೀಗದ ಕೈ ಕೊಡುವುದು ಆಮೇಲೆ. ಈ ಕಟ್ಟಳೆ ಮಾಡಿದವನು ಮೇಸ್ತ್ರಿಯ ಅಪ್ಪ. "ಬೇರೆಯವರ ಮನೆಮಂದಿ ಕೂರೋ ಗಾಡಿ ಇದು. ಮೊದಲು ನಿನ್ನ ಮನೆಯವರನ್ನ ಕೂರಿಸು, ಆಗ ನಟ್ಟು ತಾನಾಗೇ ಬಿಗಿಯಾಗುತ್ತೆ" ಎನ್ನುತ್ತಿದ್ದ. ಹೇಳುವುದು ಅವನು, ಕೂರುವುದು ಅವನ ಹೆಂಡತಿ. ಆಕೆ ಹಿಂದಿನ ಸೀಟಿನಲ್ಲಿ ಕೂತು ಕೂತೇ ತಲೆ ನರೆಸಿಕೊಂಡಳು. ಆಕೆಯ ಮಂಡಿ ನೋವು ಜೋರಾಗುವುದಕ್ಕೂ ಮನೆಗೆ ಸೊಸೆ ಬರುವುದಕ್ಕೂ ಸರಿಹೋಯಿತು. ಸೀಟು ಸೊಸೆಯ ಪಾಲಾಯಿತು.

ಆ ಸೊಸೆಯೇ ಈ ಸುತ್ತಿನ ಅತ್ತಿಗೆ. ಮೇಸ್ತ್ರಿಯನ್ನು ಗಿರಾಕಿಗಳೆಲ್ಲ ಅಣ್ಣ ಎನ್ನುತ್ತಿದ್ದುದರಿಂದ ಅವಳು ಎಲ್ಲರಿಗೂ ಅತ್ತಿಗೆಯಾದಳು. ಅವಳಿಗಿಂತ ಹತ್ತಾರು ವರ್ಷ ದೊಡ್ಡವರಾದ, ಹಲ್ಲು ಉದುರಿದ ಮುದುಕರು ಕೂಡ "ಅತ್ತಿಗೆ ಕೂತು ಬಂದ್ರಾ?" ಎಂದು ಕೇಳಿಯೇ ಬೀಗದ ಕೈಗೆ ಕೈ ಚಾಚುತ್ತಿದ್ದರು.

ಮದುವೆಯಾದ ಹೊಸತರಲ್ಲಿ ಅವಳಿಗೆ ಈ ಕಟ್ಟಳೆಯ ವಿಷಯ ಯಾರೂ ಹೇಳಿರಲಿಲ್ಲ. ಗಂಡ ದಿನಾ ಬಾಗಿಲ ಮುಂದೆ ಒಂದೊಂದು ಕಾರು ತಂದು ಹಾರ್ನ್ ಹೊಡೆದು "ಬಾ, ಒಂದು ಸುತ್ತು ಹೋಗಿಬರೋಣ" ಎಂದಾಗ ಅವಳು ಸ್ವರ್ಗಕ್ಕೆ ಮೂರೇ ಗೇಣು ಎಂದುಕೊಂಡಳು. ಪೆಟ್ಟಿಗೆಯಿಂದ ಒಳ್ಳೆಯ ಬಟ್ಟೆ ತೆಗೆದು ಉಟ್ಟು, ತಲೆ ಬಾಚಿ, ಮುಂದಿನ ಸೀಟಿನ ಬಾಗಿಲಿಗೆ ಕೈ ಹಾಕಿದರೆ ಗಂಡ "ಹಿಂದೆ ಕೂತ್ಕೊ" ಎಂದ. ಹಿಂದೆ ಕೂತು ಅವಳು ಮಾತಾಡಿದ್ದೇ ಮಾತಾಡಿದ್ದು. ಅವನು ಹೂಂ ಇಲ್ಲ ಉಹೂಂ ಇಲ್ಲ. ಅವನ ಕಿವಿಯೆಲ್ಲ ಇಂಜಿನ್ ಕಡೆಗೆ. ಹೀಗೇ ಕೆಲವು ದಿನ ನಡೆದ ಮೇಲೆ ಅವಳಿಗೆ ಸಿಟ್ಟು ಬಂತು. ಇದೆಂಥ ಗಂಡಸು, ತಿರುಗಾಡಲು ಕರೆದುಕೊಂಡು ಬಂದು ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಾನಲ್ಲ ಎಂದು ಮುನಿಸಿಕೊಂಡು ತಾನೂ ಬಾಯಿ ಮುಚ್ಚಿದಳು. ಬಾಯಿ ಮುಚ್ಚಿದ ದಿನವೇ ಕಿವಿ ತೆರೆಯಿತು.

"ರೀ, ಹಿಂದಿನ ಎಡಗಡೆ ಚಕ್ರದ ಹತ್ತಿರ ಯಾರೋ ಮೊರದಲ್ಲಿ ಅಕ್ಕಿ ಕೇರಿದ ಹಾಗೆ ಆಗ್ತಿದೆ" ಎಂದಳು.

ಗಂಡ ಗಾಡಿ ನಿಲ್ಲಿಸಿ ಅವಳ ಮುಖವನ್ನು ನೋಡಿದ. ಮದುವೆಯ ದಿನವೂ ಹಾಗೆ ನೋಡಿರಲಿಲ್ಲ ಎಂದು ಅವಳು ಆಮೇಲೆ ಎಷ್ಟೋ ವರ್ಷ ಹೇಳಿ ನಗುತ್ತಿದ್ದಳು. ಚಕ್ರ ಬಿಚ್ಚಿದಾಗ ಒಳಗಿನ ಬೇರಿಂಗ್ ಸವೆದುಹೋಗಿತ್ತು. ಇನ್ನೊಂದಷ್ಟು ದೂರ ಓಡಿದ್ದರೆ ಚಕ್ರವೇ ಜಾಮ್ ಆಗಿ ಗಾಡಿ ಮಗುಚುತ್ತಿತ್ತು.

ಅಲ್ಲಿಂದ ಗಂಡಹೆಂಡಿರ ನಡುವೆ ಒಂದು ಹೊಸ ಭಾಷೆಯೇ ಹುಟ್ಟಿತು. ಅವಳಿಗೆ ಗಾಡಿಯ ಭಾಗಗಳ ಹೆಸರು ಬಾರದು, ಅವನಿಗೆ ಅಡುಗೆಮನೆ ಗೊತ್ತಿಲ್ಲ. ಆದರೂ ಅವಳು "ಕಾದ ಬಾಣಲೆಗೆ ನೀರು ಬಿದ್ದ ಹಾಗೆ" ಎಂದರೆ ಅವನು ಹೊಗೆ ಕೊಳವೆಯ ತೂತು ಹುಡುಕುತ್ತಿದ್ದ. "ಹಳೇ ಮಂಚದ ಮೇಲೆ ಮಗ್ಗುಲು ಬದಲಿಸಿದ ಹಾಗೆ" ಎಂದರೆ ಸಸ್ಪೆನ್ಷನ್ನಿನ ರಬ್ಬರು ಬುಷ್ಷು ಹೋಗಿದೆ ಎಂದು ತಿಳಿಯುತ್ತಿದ್ದ. "ಪಾತ್ರೆ ಗೂಡಿನಲ್ಲಿ ಒಂದು ಲೋಟ ಮಾತ್ರ ನಡುಗ್ತಿದೆ" ಎಂದರೆ ಯಾವುದೋ ಬೋಲ್ಟು ಸಡಿಲ. ಹೊಸ ಗಿರಾಕಿಗಳು ಇದನ್ನು ಕೇಳಿ ಗಾಬರಿಯಾಗುತ್ತಿದ್ದರು, ಕಾರು ಕೊಟ್ಟಿದ್ದು ಗ್ಯಾರೇಜಿಗೋ ಹೋಟೆಲಿಗೋ ಎಂದು.

ಅವರ ಸುತ್ತಿನ ದಾರಿ ಮಾವನ ಕಾಲದಿಂದಲೂ ಒಂದೇ. ಗೇಟಿನಿಂದ ಹೊರಟು ಮರದ ಮಿಲ್ಲಿನ ಮುಂದಿನ ಗುಂಡಿಗಳ ರಸ್ತೆ. ಅಲ್ಲಿ ಗಾಡಿಯ ಕೀಲುಗಳೆಲ್ಲ ಬಾಯಿಬಿಡುತ್ತವೆ. ಆಮೇಲೆ ಸೇತುವೆಯ ಇಳಿಜಾರು. ಅಲ್ಲಿ ಬ್ರೇಕಿನ ಪರೀಕ್ಷೆ. ಸೇತುವೆ ದಾಟಿ ತಿರುಗಿಕೊಂಡರೆ ಹಳೇ ಗೋದಾಮಿನ ಉದ್ದನೆಯ ಗೋಡೆ. ಕಿಟಕಿಯ ಗಾಜು ಇಳಿಸಿ ಆ ಗೋಡೆಯ ಪಕ್ಕದಲ್ಲೇ ನಿಧಾನವಾಗಿ ಹೋದರೆ, ಬಯಲಿನಲ್ಲಿ ಗಾಳಿಗೆ ಹಾರಿಹೋಗುವ ಸಣ್ಣ ಶಬ್ದವೂ ಗೋಡೆಗೆ ಬಡಿದು ವಾಪಸ್ ಬಂದು ಕಿವಿಗೆ ಬೀಳುತ್ತದೆ. ಗೋಡೆ ಸುಳ್ಳು ಹೇಳುವುದಿಲ್ಲ ಎಂದು ಮಾವ ಹೇಳಿಕೊಟ್ಟಿದ್ದ.

ಅತ್ತಿಗೆ ಕೂರುವ ರೀತಿಯೂ ನೋಡುವಂತಿತ್ತು. ಮೊದಲು ಸೀಟುಬೆಲ್ಟು ಎಳೆದು ಕಟ್ಟಿಕೊಳ್ಳುವಳು; ಹಿಂದಿನ ಸೀಟಿಗೆ ಬೆಲ್ಟು ಯಾಕೆ ಎಂದು ಕೇಳಿದವರಿಗೆ "ಹಿಂದೆ ಕೂತವರ ತಲೆ ಕಲ್ಲಿನದ್ದಾ?" ಎಂದು ಕೇಳುವಳು. ಚಪ್ಪಲಿ ಕಳಚಿ ಪಾದ ಎರಡನ್ನೂ ನೆಲಕ್ಕೆ ಊರಿ, ಬೆನ್ನು ಸೀಟಿಗೆ ತಾಗಿಸದೆ ಮುಂದಕ್ಕೆ ಬಾಗಿ ಕೂರುವಳು. ರೇಡಿಯೋ ಬಂದ್. ಮಾತು ಬಂದ್. ವಾಪಸ್ ಬಂದು ಇಳಿದ ಮೇಲೆ ಗಾಡಿಯ ಮಾಲೀಕನಿಗೆ ಮಂಗಳಾರತಿ.

ಯಾಕೆಂದರೆ ಕಾರಿಟ್ಟುಕೊಂಡವರ ಪೈಕಿ ಕಾರನ್ನು ನೋಡಿಕೊಳ್ಳುವವರು ಎಷ್ಟು ಮಂದಿ? ದಿನಾ ಬೆಳಿಗ್ಗೆ ಶಾಂಪೂ ಹಾಕಿ ಕಾರು ತೊಳೆಯುವ ಒಬ್ಬ ಗುಮಾಸ್ತನಿದ್ದ. ಮೇಲೆಲ್ಲ ಥಳಥಳ, ಆದರೆ ಟೈರು ಬೋಳು ಮಂಡೆ. "ಸ್ನಾನ ಮಾಡಿಸಿದ್ರೆ ಹೊಟ್ಟೆ ತುಂಬುತ್ತಾ? ಬೆಳಿಗ್ಗೆ ಟೈರು ತಣ್ಣಗಿರುವಾಗ ಗಾಳಿ ನೋಡಿಸಿ. ಡಿಕ್ಕಿಯಲ್ಲಿರೋ ಐದನೇ ಟೈರಿಗೂ ನೋಡಿಸಿ, ಅದೂ ನಿಮ್ಮದೇ" ಎಂದು ಅತ್ತಿಗೆ ಅವನಿಗೆ ಹೇಳಿದ್ದಳು. ಇನ್ನೊಬ್ಬ ಮಹಾರಾಯ ಸ್ಟೇರಿಂಗ್ ಮುಂದೆ ಕೆಂಪು ದೀಪ ಹತ್ತಿ ಕಣ್ಣಿಗೆ ಹಿಂಸೆಯಾಗುತ್ತದೆಂದು ಅದರ ಮೇಲೆ ಒಂದು ಹೂವಿನ ಸ್ಟಿಕರ್ ಅಂಟಿಸಿಕೊಂಡಿದ್ದ. ಅದು ಇಂಜಿನ್ ಆಯಿಲ್ ದೀಪ. ಅತ್ತಿಗೆ ಉಗುರಿನಿಂದ ಸ್ಟಿಕರ್ ಕೆರೆದು ತೆಗೆದು ಅವನ ಅಂಗೈಗೆ ಅಂಟಿಸಿ ಕಳಿಸಿದಳು. ಡ್ರೈವರ್ ಸೀಟಿನ ಕೆಳಗೆ ಉರುಳಾಡುವ ನೀರಿನ ಬಾಟಲಿಗಳ ಮೇಲಂತೂ ಅವಳಿಗೆ ಹಳೇ ದ್ವೇಷ. ಬ್ರೇಕ್ ಪೆಡಲಿನ ಕೆಳಗೆ ಒಂದು ಬಾಟಲಿ ಹೋಗಿ ಕೂತರೆ ಕಾಲು ಎಷ್ಟು ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಅವಳ ಹಿತ್ತಲಲ್ಲಿ ಕರಿಬೇವಿನ ಗಿಡದ ಪಾತಿಗೆ ಸುತ್ತಲೂ ಬೇಲಿಯಂತೆ ಹೂತಿದ್ದು ಇಂಥ ಬಾಟಲಿಗಳನ್ನೇ.

ಬೈಸಿಕೊಂಡವರು ಯಾರೂ ಗ್ಯಾರೇಜು ಬದಲಿಸಲಿಲ್ಲ. ಬೈಗುಳದ ಹಿಂದೆ ಏನಿದೆ ಎಂದು ಜನಕ್ಕೆ ತಿಳಿಯುತ್ತದೆ. ಅವಳು "ಹೋಗಿ ಬನ್ನಿ" ಎಂದರೆ ಆ ಗಾಡಿಯಲ್ಲಿ ಕಣ್ಣು ಮುಚ್ಚಿ ಕೂರಬಹುದು. ಊರಿನಲ್ಲಿ ದೊಡ್ಡ ಗಾಜಿನ ಗ್ಯಾರೇಜುಗಳು ಬಂದವು, ಒಳಗೆ ತಣ್ಣನೆ ಗಾಳಿ, ಸೋಫಾ, ಕಾಫಿ. ಆದರೂ ಮೇಸ್ತ್ರಿಯ ಶೆಡ್ಡಿನ ಮುಂದೆ ಗಾಡಿಗಳು ನಿಲ್ಲುತ್ತಲೇ ಇದ್ದವು.

ಈ ನಡುವೆ ಮೇಸ್ತ್ರಿಯ ಕಿವಿ ಹೋಯಿತು. ಸುತ್ತಿಗೆ, ಕಂಪ್ರೆಸರು, ಗ್ರೈಂಡರು ಎಂದು ಜೀವಮಾನವೆಲ್ಲ ಗಲಾಟೆಯ ಜೊತೆ ಸಂಸಾರ ಮಾಡಿದವನಿಗೆ ಅದೇನು ಆಶ್ಚರ್ಯವಲ್ಲ. ಎದುರು ನಿಂತು ಗಟ್ಟಿಯಾಗಿ ಹೇಳಿದರೆ ಕೇಳುತ್ತಿತ್ತು, ಬೆನ್ನ ಹಿಂದೆ ಹೇಳಿದ್ದು ಗೋವಿಂದ. ಅವನು ಅದನ್ನು ಮುಚ್ಚಿಡಲೂ ಇಲ್ಲ. "ನಂಗ್ಯಾಕೆ ಕಿವಿ? ಅವಳಿದಾಳಲ್ಲ" ಎಂದು ಗಿರಾಕಿಗಳ ಮುಂದೆ ಹೆಮ್ಮೆಯಿಂದಲೇ ಹೇಳುತ್ತಿದ್ದ. ಹೀಗೆ ಗ್ಯಾರೇಜಿನ ಇಡೀ ಭಾರ ಒಂದು ಜೊತೆ ಕಿವಿಯ ಮೇಲೆ ಬಂದು ನಿಂತಿತು.

ಆ ಕಿವಿ ಕೈಕೊಡುತ್ತಿದೆ ಎಂದು ಅತ್ತಿಗೆಗೆ ಮೊದಲು ಗೊತ್ತಾದದ್ದು ಚಳಿಗಾಲದಲ್ಲಿ. ಮೊಮ್ಮಗಳಿಗೆ ಜ್ವರ ಬಂದಿತ್ತು. ಮಗುವಿನ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು, ಅದು ಪಿಪ್ ಎಂದಾಗ ತೆಗೆಯೋಣವೆಂದು ಅವಳು ಕಾದಳು, ಕಾದಳು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಅವಳ ಸೊಸೆ ಆಗಷ್ಟೇ ಒಳಗೆ ಬಂದವಳು, "ಅತ್ತೆ, ಅದು ಆಗಲೇ ಕೂಗಿ ಸುಮ್ಮನಾಯ್ತಲ್ಲ?" ಎಂದಳು. ಅತ್ತಿಗೆ ಥರ್ಮಾಮೀಟರನ್ನು ಮತ್ತೆ ಇಟ್ಟಳು, ಈ ಸಲ ತನ್ನ ಕಿವಿಯನ್ನು ಅದರ ಹತ್ತಿರಕ್ಕೇ ಬಾಗಿಸಿ. ಮಗು "ಅಜ್ಜೀ, ಕೂಗ್ತು" ಎಂದಿತು. ಅವಳಿಗೆ ಏನೂ ಕೇಳಿಸಲಿಲ್ಲ.

ಮಾತು ಚೆನ್ನಾಗಿ ಕೇಳುತ್ತಿತ್ತು. ಗುಡುಗು, ಲಾರಿ, ಬಾಗಿಲು ಬಡಿದದ್ದು ಎಲ್ಲ ಕೇಳುತ್ತಿತ್ತು. ಸಣ್ಣಗೆ, ತೆಳ್ಳಗೆ, ಮೇಲಕ್ಕೆ ಕೀರುವ ಶಬ್ದಗಳು ಮಾತ್ರ ಲೋಕದಿಂದಲೇ ಎದ್ದುಹೋಗಿದ್ದವು. ಮುಂಜಾನೆಯ ಹಕ್ಕಿಗಳೂ ಹೋದವು ಎಂದು ಅವಳಿಗೆ ಹೊಳೆದದ್ದು ಆಮೇಲೆ. ಸೊಸೆ ಬುದ್ಧಿವಂತೆ, ಎರಡು ದಿನದಲ್ಲಿ ಹಿಡಿದುಬಿಟ್ಟಳು.

"ಡಾಕ್ಟರಿಗೆ ತೋರಿಸೋಣ ಅತ್ತೆ. ಈಗ ಕಿವಿಗೆ ಸಣ್ಣ ಸಣ್ಣ ಮಿಷನ್ ಬಂದಿದೆ."

"ಸುಮ್ನಿರು. ನಿಮ್ಮ ಮಾವನಿಗೆ ಹೇಳಿಬಿಟ್ಟೀಯ."

"ಹೇಳಿದ್ರೆ ಏನಾಗುತ್ತೆ?"

ಏನಾಗುತ್ತೆ? ಸೀಟು ಹೋಗುತ್ತೆ. ಅದನ್ನು ಅವಳು ಸೊಸೆಗೆ ಹೇಳಲಿಲ್ಲ, ಹೇಳಿದರೆ ಚಿಕ್ಕ ಮಕ್ಕಳ ಹಟದಂತೆ ಕೇಳಿಸುತ್ತದೆ. ಆದರೆ ಆ ಸೀಟಿನಲ್ಲಿ ಕೂತ ಹೊತ್ತು ಅವಳು ಯಾರ ಹೆಂಡತಿಯೂ ಅಲ್ಲ, ಯಾರ ಅತ್ತೆಯೂ ಅಲ್ಲ. ಅವಳ ಮಾತಿಗೆ ಕಬ್ಬಿಣ ಬಿಚ್ಚಿಕೊಳ್ಳುತ್ತಿತ್ತು. ಒಬ್ಬ ಹೆಂಗಸಿಗೆ ಮನೆಯ ಹೊಸ್ತಿಲಾಚೆ ಅಂಥದ್ದೊಂದು ಜಾಗ ಸಿಕ್ಕಿ, ಅದನ್ನು ತಾನೇ ಎದ್ದು ಬಿಟ್ಟುಕೊಡು ಎಂದರೆ ಹೇಗೆ? ಅವಳು ಇನ್ನೊಂದು ದಾರಿ ಹಿಡಿದಳು. ಕಿವಿ ಹೋದರೆ ಪಾದವಿದೆ ಎಂದುಕೊಂಡಳು. ಬರಿಗಾಲನ್ನು ನೆಲಕ್ಕೆ ಒತ್ತಿ, ಅಂಗೈಯನ್ನು ಬಾಗಿಲಿಗೆ ಊರಿ, ನಡುಕದಲ್ಲೇ ಗಾಡಿಯನ್ನು ಓದಲು ಕಲಿತಳು. ಬೇರಿಂಗಿನ ಗುಂಯ್ ಪಾದಕ್ಕೆ ತಿಳಿಯಿತು, ಬುಷ್ಷಿನ ಹೊಡೆತ ಬೆನ್ನುಮೂಳೆಗೆ ತಿಳಿಯಿತು. ಇದು ಸಣ್ಣ ವಿದ್ಯೆಯಲ್ಲ. ಬೇರೆ ಯಾರಾದರೂ ಆಗಿದ್ದರೆ ಕೈಚೆಲ್ಲಿ ಕೂರುತ್ತಿದ್ದರು. ಆದರೆ ಗಾಡಿಯಲ್ಲಿ ನಡುಗದೆ ಬರೀ ಕೂಗುವ ವಸ್ತುಗಳೂ ಇವೆ, ಮತ್ತು ಅವು ಕೂಗುವುದು ಪ್ರಾಣಕ್ಕೆ ಬಂದಾಗಲೇ. ಇದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಕೂತಳು. ಪ್ರತಿ ಸಲ "ಹೋಗಿ ಬನ್ನಿ" ಎಂದವಳು ಆ ಗಾಡಿ ಮರೆಯಾಗುವವರೆಗೆ ಗೇಟಿನಲ್ಲೇ ನಿಂತು ನೋಡುತ್ತಿದ್ದಳು.

ಬೇಸಿಗೆಯ ಶುರುವಿನಲ್ಲಿ ದರ್ಜಿ ತನ್ನ ಕಾರು ತಂದ. ಪೇಟೆಯ ಮೂಲೆಯಲ್ಲಿ ಹೊಲಿಗೆ ಅಂಗಡಿ ಇಟ್ಟವನು. ಸೆಕೆಂಡ್ ಹ್ಯಾಂಡ್ ಕಾರು, ಚೊಚ್ಚಲ ಮಗು, ಎರಡೂ ಒಂದೇ ವರ್ಷ ಬಂದವು. ಹೆಂಡತಿ ಹೆರಿಗೆಗೆ ಬೆಟ್ಟದ ಮೇಲಿನ ತನ್ನ ತಾಯಿಯ ಮನೆಗೆ ಹೋಗಿದ್ದಳು. ಅವಳನ್ನೂ ಮಗುವನ್ನೂ ಕರೆದುಕೊಂಡು ಬರಬೇಕು. ಹೋಗುವಾಗ ಬೆಟ್ಟದ ಏರು, ಬರುವಾಗ ಇಳಿಜಾರು.

"ಬ್ರೇಕ್ ನೋಡಿಬಿಡಿ ಅಣ್ಣ. ಆಯಿಲ್ ಬದಲಿಸಿ, ನೀರು, ಗಾಳಿ ಎಲ್ಲ ನೋಡಿ. ಮಗು ಬರುತ್ತೆ" ಎಂದ ದರ್ಜಿ. ಅವನಿಗೆ ಕಾರಿನ ಬಗ್ಗೆ ಗೊತ್ತಿದ್ದುದು ಅದರ ರೇಡಿಯೋ ಎಲ್ಲಿದೆ ಎನ್ನುವುದೊಂದೇ. ಬೀಗದ ಕೈ ತಿರುಗಿಸಿದ ಕ್ಷಣದಿಂದ ಇಳಿಯುವವರೆಗೆ ಅದು ಕಿರುಚುತ್ತಲೇ ಇರಬೇಕು.

ಮೇಸ್ತ್ರಿ ಎಲ್ಲ ಮಾಡಿದ. ಬ್ರೇಕ್ ಎಣ್ಣೆ ಕಪ್ಪಗಾಗಿತ್ತು, ತೆಗೆದು ಹೊಸದು ತುಂಬಿದ. ಚಕ್ರದ ಸಂದಿಯಿಂದ ಟಾರ್ಚ್ ಬಿಟ್ಟು ಬ್ರೇಕ್ ಪ್ಯಾಡ್ ನೋಡಿದ, ದಪ್ಪಗೆ ಇತ್ತು. ಸಂಜೆ ಅತ್ತಿಗೆಯನ್ನು ಕೂರಿಸಿಕೊಂಡು ಒಂದು ಸುತ್ತು ಹೊರಟ. ಗುಂಡಿ ರಸ್ತೆಯಲ್ಲಿ ಪಾದ ಸುಮ್ಮನಿತ್ತು. ಇಳಿಜಾರಿನಲ್ಲಿ ಗಾಡಿ ಸರಿಯಾಗಿ ನಿಂತಿತು. ಗೋಡೆಯ ಪಕ್ಕ ಬರುವಾಗ, ಗೋದಾಮಿನ ಗೇಟಿನಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದ ಕಾವಲುಗಾರ ಮುಖ ಸಿಂಡರಿಸಿ ಕಿವಿಗೆ ಬೆರಳಿಟ್ಟುಕೊಂಡ. ಅತ್ತಿಗೆ ಅದನ್ನು ನೋಡಿದಳು. ಅವನಿಗೆ ಕಿವಿ ತುರಿಸಿರಬೇಕು ಎಂದುಕೊಂಡಳು. ಅಷ್ಟು ಬೇಗ ಹಾಗೆ ಅಂದುಕೊಂಡದ್ದು ಯಾಕೆ ಎಂದು ಅವಳ ಮನಸ್ಸು ಕೇಳಿತು. ಆದರೂ ಗ್ಯಾರೇಜಿಗೆ ಬಂದು ಇಳಿದವಳು ದರ್ಜಿಗೆ "ಹೋಗಿ ಬನ್ನಿ" ಎಂದಳು.

ಮಾರನೆಯ ಬೆಳಿಗ್ಗೆ ಅವಳು ಪಾತ್ರೆ ತೊಳೆಯುತ್ತಿದ್ದಾಗ ಗ್ಯಾರೇಜಿನ ಮುಂದೆ ಅದೇ ಕಾರು ಬಂದು ನಿಂತಿತು. ಮನೆ ಗ್ಯಾರೇಜಿನ ಹಿಂಭಾಗದಲ್ಲೇ. ಅಡುಗೆಮನೆಯ ಬಾಗಿಲಲ್ಲಿ ನಿಂತರೆ ಎಲ್ಲ ಕಾಣುತ್ತದೆ, ಎಲ್ಲ ಕೇಳುತ್ತದೆ. ಹಿಂದಿನ ಸೀಟಿನಲ್ಲಿ ಮಗುವಿಗೆಂದು ಕೊಂಡ ಹೊಸ ಪುಟ್ಟ ಹಾಸಿಗೆ, ಬಟ್ಟೆಯ ಗಂಟು, ಬಣ್ಣದ ಕಾಗದ ಸುತ್ತಿದ ಗಿಲಕಿ.

"ಅಣ್ಣ, ಹೊರಟಿದೀನಿ. ದಾರಿಯಲ್ಲಿ ಹೆಂಡತಿ ಫೋನ್ ಮಾಡಿದ್ಲು, ಗಾಡಿ ನಿಲ್ಲಿಸಿ ಮಾತಾಡಿದೆ. ಆಮೇಲೆ ರೇಡಿಯೋ ಹಾಕೋದು ಮರೆತೆ. ಆಗ ಮುಂದಿನ ಚಕ್ರದಿಂದ ಏನೋ ಕಿರ್ ಅಂತ ಕೇಳಿಸ್ತು. ನೀವೊಂದ್ಸಲ..."

"ಏನಂದ್ರಿ?"

ದರ್ಜಿ ಗಟ್ಟಿಯಾಗಿ ಇನ್ನೊಮ್ಮೆ ಹೇಳಿದ. ಮೇಸ್ತ್ರಿ ನಕ್ಕು ಅವನ ಬೆನ್ನು ತಟ್ಟಿದ.

"ಪ್ಯಾಡು ನಾನೇ ನೋಡಿದೀನಿ. ಅದಕ್ಕಿಂತ ಹೆಚ್ಚಾಗಿ, ನಿಮ್ಮತ್ತಿಗೆ ಕೂತು ಬಂದಿದಾಳೆ. ಅವಳ ಕಿವಿಗೆ ಬೀಳದ ಶಬ್ದ ಆ ಗಾಡಿಯಲ್ಲಿಲ್ಲ ಅಂತ ತಿಳ್ಕೊಳ್ಳಿ. ಮಗು ಬರೋ ಸಡಗರದಲ್ಲಿ ನಿಮಗೆ ಎಲ್ಲಾ ಕಿರ್ ಅನ್ಸುತ್ತೆ, ಮೊದಲ ಸಲ ನಂಗೂ ಹಾಗೇ ಆಗಿತ್ತು. ಆರಾಮಾಗಿ ಹೋಗಿ ಬನ್ನಿ."

"ಅತ್ತಿಗೆ ಕೂತಿದ್ರೆ ಮಾತೇ ಇಲ್ಲ ಬಿಡಿ" ಎಂದು ದರ್ಜಿ ನಿರಾಳವಾಗಿ ಕಾರು ಹತ್ತಿ ಬಾಗಿಲು ಎಳೆದುಕೊಂಡ. ರೇಡಿಯೋ ಶುರುವಾಯಿತು.

ಅತ್ತಿಗೆಯ ಕೈಯಲ್ಲಿ ತೊಳೆಯುತ್ತಿದ್ದ ತಟ್ಟೆ ಹಾಗೇ ನಿಂತಿತು. ಕಾವಲುಗಾರನ ಬೆರಳು ಕಣ್ಣ ಮುಂದೆ ಬಂತು. ಈಗ ಬಾಯಿ ತೆರೆದರೆ ಸೀಟು ಹೋಗುತ್ತದೆ, ಗಂಡ ಗಿರಾಕಿಗಳ ಮುಂದೆ ತಲೆ ತಗ್ಗಿಸುತ್ತಾನೆ, ಮಾವನ ಕಾಲದಿಂದ ಬಂದ ಹೆಸರಿಗೆ ಮಸಿ. ತೆರೆಯದಿದ್ದರೆ ಬೆಟ್ಟದ ಇಳಿಜಾರಿನಲ್ಲಿ ಆ ಗಿಲಕಿಯ ಮಗು. ಯೋಚಿಸಿದ್ದು ಅಷ್ಟೇ. ಅವಳು ತಟ್ಟೆ ಹಿಡಿದುಕೊಂಡೇ ಓಡಿಹೋಗಿ ಗೇಟಿಗೆ ಅಡ್ಡ ನಿಂತಳು. ದರ್ಜಿ ಬ್ರೇಕ್ ಒತ್ತಿದ. ಅವಳಿಗೆ ಆಗಲೂ ಏನೂ ಕೇಳಿಸಲಿಲ್ಲ.

"ಹೋಗಬೇಡಿ. ನಂಗೆ ಕೇಳ್ಸಲ್ಲ" ಎಂದಳು.

ಗಂಡ ಹತ್ತಿರ ಬಂದು ಕಿವಿಗೆ ಕೈ ಅಡ್ಡ ಹಿಡಿದು "ಏನೇ?" ಎಂದ.

ಎಂಥ ಪಾಡು ನೋಡಿ. ಎಷ್ಟೋ ತಿಂಗಳು ಮುಚ್ಚಿಟ್ಟ ಮಾತನ್ನು ಮೆಲ್ಲಗೆ ಕಿವಿಯಲ್ಲಿ ಹೇಳೋಣವೆಂದರೆ ಆ ಕಿವಿಯೂ ಕೆಟ್ಟಿದೆ. ಅವಳು ಉಸಿರು ಎಳೆದುಕೊಂಡು ಎದುರಿನ ಬೇಕರಿಯವರಿಗೂ ಪಕ್ಕದ ಸೈಕಲ್ ಅಂಗಡಿಯವರಿಗೂ ಕೇಳುವ ಹಾಗೆ ಕೂಗಿ ಹೇಳಬೇಕಾಯಿತು. "ನನ್ನ ಕಿವಿ ಹೋಗಿದೆ ಕಣ್ರೀ! ಸಣ್ಣ ಶಬ್ದ ಕೇಳ್ಸಲ್ಲ. ಚಳಿಗಾಲದಿಂದ ಕೇಳ್ಸಲ್ಲ. ನಿನ್ನೆ ಈ ಗಾಡೀಲಿ ಕೂತಾಗಲೂ ಕೇಳ್ಸಲಿಲ್ಲ. ಚಕ್ರ ಬಿಚ್ಚಿ ನೋಡಿ."

ಬೇಕರಿಯ ಮುಂದೆ ನಿಂತವರೆಲ್ಲ ಇತ್ತ ತಿರುಗಿದರು. ದರ್ಜಿ ರೇಡಿಯೋ ಆರಿಸಿದ. ಮೇಸ್ತ್ರಿ ಹೆಂಡತಿಯ ಮುಖವನ್ನೇ ನೋಡುತ್ತ ನಿಂತಿದ್ದು, ಹೋಗಿ ಜಾಕಿ ತಂದ. ಅತ್ತಿಗೆಗೆ ಅಳು ಬಂತು. ಅದನ್ನೂ ಮುಚ್ಚಿಡಲಿಲ್ಲ, ಆ ಹೊತ್ತಿಗೆ ಮುಚ್ಚಿಡುವುದೇ ಸಾಕಾಗಿಹೋಗಿತ್ತು.

ಮುಂದಿನ ಬಲ ಚಕ್ರ ಹೊರಬಂತು. ಬ್ರೇಕಿನಲ್ಲಿ ಚಕ್ರದ ಜೊತೆ ಸುತ್ತುವ ಒಂದು ಉಕ್ಕಿನ ತಟ್ಟೆ, ಅದನ್ನು ಎರಡೂ ಕಡೆಯಿಂದ ಹಿಡಿದು ನಿಲ್ಲಿಸುವ ಎರಡು ಪ್ಯಾಡು. ಹೊರಗಿನ ಪ್ಯಾಡು, ಟಾರ್ಚಿಗೆ ಕಂಡದ್ದು, ದಪ್ಪಗೆ ಚೆನ್ನಾಗಿತ್ತು. ಒಳಗಿನದು ತೆಗೆದಾಗ ಅದರಲ್ಲಿ ಪ್ಯಾಡು ಕಾಗದದಷ್ಟೇ ಉಳಿದಿತ್ತು, ಮಿಕ್ಕಿದ್ದು ಕಬ್ಬಿಣದ ಬೆನ್ನು. ಅದನ್ನು ಸರಿದಾಡಿಸುವ ಪಿನ್ನು ತುಕ್ಕು ಹಿಡಿದು ಕಚ್ಚಿಕೊಂಡು, ಒಳಗಿನದೊಂದೇ ಸವೆದು ಸವೆದು ಮುಗಿಯುತ್ತ ಬಂದಿತ್ತು. ಪ್ಯಾಡು ಮುಗಿಯುವ ಹೊತ್ತಿಗೆ ಎಚ್ಚರಿಸಲೆಂದೇ ಒಂದು ಸಣ್ಣ ತಗಡಿನ ನಾಲಿಗೆ ಇಟ್ಟಿರುತ್ತಾರೆ, ಅದು ತಟ್ಟೆಗೆ ತಾಗಿ ಕೀರುತ್ತದೆ. ಈ ನಾಲಿಗೆ ಪಾಪ ಎಷ್ಟು ದಿನದಿಂದ ಕೂಗಿತ್ತೋ. ಒಂದು ಕಡೆ ರೇಡಿಯೋ, ಇನ್ನೊಂದು ಕಡೆ ಇಬ್ಬರು ಕಿವುಡರು.

ಮೇಸ್ತ್ರಿ ಆ ಕಬ್ಬಿಣವನ್ನು ಅಂಗೈಯಲ್ಲಿಟ್ಟುಕೊಂಡು ಕೆಳಗೇ ಕುಕ್ಕರಗಾಲಲ್ಲಿ ಕೂತ. "ಹೊರಗಿಂದು ನೋಡಿ ಒಳಗಿಂದೂ ಹಾಗೇ ಇರುತ್ತೆ ಅಂದ್ಕೊಂಡೆ" ಎಂದು ದರ್ಜಿಗೆ ಹೇಳಿದ. "ಚಕ್ರ ಬಿಚ್ಚದೆ ನೋಡಿದ್ದು ನನ್ನ ತಪ್ಪು. ಅವಳದ್ದಲ್ಲ."

"ನನ್ನದೂ ಇದೆ" ಎಂದಳು ಅತ್ತಿಗೆ. ಮೂಗು ಒರೆಸಿಕೊಂಡು ಅವಳೂ ಪಕ್ಕದಲ್ಲಿ ಕೂತಳು. "ಚಳಿಗಾಲದಿಂದ ನಾನು ಸರಿ ಅಂದ ಗಾಡಿಗಳನ್ನೆಲ್ಲ ವಾಪಸ್ ಕರೀಬೇಕು. ಒಂದೂ ಬಿಡದ ಹಾಗೆ."

"ಕರೀತೀನಿ."

"ಯಾಕೆ ಅಂತ ಕೇಳಿದ್ರೆ ನಿಜ ಹೇಳಿ. ಏನೋ ಒಂದು ನೆಪ ಹೇಳಬೇಡಿ."

"ಹೇಳ್ತೀನಿ." ಕೈಯಲ್ಲಿದ್ದ ಕಬ್ಬಿಣವನ್ನು ಕೆಳಗಿಟ್ಟು ಕೇಳಿದ, "ನಂಗೊಬ್ಬನಿಗಾದ್ರೂ ಹೇಳಬಾರದಿತ್ತೇನೇ?"

"ಹೇಳಿದ್ರೆ ಇನ್ಮೇಲೆ ಕೂರಬೇಡ ಅಂತಿದ್ರಿ."

ಅವನು ಎದ್ದು ಬಿಡಿಭಾಗದ ಅಂಗಡಿಗೆ ಹೋದ. ಎರಡೂ ಮುಂದಿನ ಚಕ್ರಕ್ಕೆ ಹೊಸ ಪ್ಯಾಡು ತಂದ, ಒಂದೇ ಕಡೆ ಹಾಕಿದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಬದಿಗೆ ಎಳೆಯುತ್ತದೆ. ಗೀರುಬಿದ್ದ ತಟ್ಟೆಗಳಿಗೆ ಬದಲಾಗಿ ಹೊಸ ತಟ್ಟೆ. ಪಿನ್ನುಗಳನ್ನು ಉಜ್ಜಿ ಗ್ರೀಸು ಹಚ್ಚಿದ. ದರ್ಜಿ ಹೆಂಡತಿಗೆ ಫೋನ್ ಮಾಡಿ ಇವತ್ತು ತಡವಾಗುತ್ತದೆ ಎಂದ. ಅತ್ತ ಕಡೆಯಿಂದ ಏನು ಕೇಳಿಸಿತೋ, "ಇಲ್ಲ ಇಲ್ಲ, ಮಲಗಿಬಿಟ್ಟಿದ್ದಕ್ಕೆ ತಡ ಆಗಿದ್ದಲ್ಲ" ಎಂದು ಬೆವರು ಒರೆಸಿಕೊಳ್ಳುತ್ತಿದ್ದ.

ಕೆಲಸ ಮುಗಿಯಿತು. ಕಾರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತು ಎಂದಿನಂತೆ ಹಾರ್ನ್ ಹೊಡೆಯಿತು. ಅತ್ತಿಗೆ ಹೊರಗೆ ಬಂದು ಬಾಗಿಲಿಗೆ ಒರಗಿ ನಿಂತಳು.

"ನಾನು ಬರಲ್ಲ. ಕೂತು ಏನು ಮಾಡ್ಲಿ? ಬೊಂಬೆ ಕೂರಿಸಿಕೊಂಡು ಹೋಗಿ."

"ಕೂರದೆ ಗಾಡಿ ಬಿಡೋ ಹಾಗಿಲ್ಲ" ಎಂದ ಮೇಸ್ತ್ರಿ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಏನು ಮಾಡಬೇಕೆಂದು ಅವನಿಗೂ ತಿಳಿದಿರಲಿಲ್ಲ. ಅತ್ತಿಗೆ ಅವನನ್ನು ನೋಡಿದಳು, ಹೊರಡುವ ಆತುರದಲ್ಲಿ ಗಡಿಯಾರ ನೋಡಿಕೊಳ್ಳುತ್ತ ಗೇಟಿನಲ್ಲಿ ನಿಂತಿದ್ದ ದರ್ಜಿಯನ್ನು ನೋಡಿದಳು. ಒಳಗೆ ಹೋಗಿ ಕೈ ಒರೆಸಿಕೊಂಡು ಬಂದಳು.

"ಟೇಲರ್ರೇ, ಹತ್ತಿ."

"ನಾನಾ?"

"ಗಾಡಿ ಯಾರದ್ದು? ಮುಂದೆ ಕೂತ್ಕೊಳ್ಳಿ. ಬೆಲ್ಟು ಹಾಕಿ. ರೇಡಿಯೋ ಮುಟ್ಟಿದ್ರೆ ಕೈ ಮೇಲೆ ಕೊಡ್ತೀನಿ. ನನ್ನ ಕಾಲಿಗೆ ತಿಳಿಯೋದು ನಾನು ನೋಡ್ಕೊಳ್ತೀನಿ. ಕಿವಿ ಕೆಲಸ ನಿಮ್ಮದು."

ಗುಂಡಿ ರಸ್ತೆಯಲ್ಲಿ ಅವಳ ಪಾದಕ್ಕೆ ಯಾವ ದೂರೂ ಸಿಗಲಿಲ್ಲ. ಇಳಿಜಾರಿನಲ್ಲಿ ಗಾಡಿ ನೆಟ್ಟಗೆ ನಿಂತಿತು. ಗೋಡೆಯ ಬಳಿ ಮೇಸ್ತ್ರಿ ಗಾಜು ಇಳಿಸಿ, ಮೆಲ್ಲಗೆ ಬ್ರೇಕ್ ಒತ್ತುತ್ತ ಹೋದ. "ಏನು ಕೇಳಿಸ್ತು?" ಎಂದಳು ಅತ್ತಿಗೆ.

"ಏನೂ ಇಲ್ಲ ಅತ್ತಿಗೆ, ಫಸ್ಟ್ ಕ್ಲಾಸಾಗಿದೆ" ಎಂದ ದರ್ಜಿ, ಮಾತು ಮುಗಿಯುವ ಮೊದಲೇ ಉತ್ತರ ಸಿದ್ಧವಿತ್ತು.

"ನೀವು ಕೇಳಲಿಲ್ಲ, ಹೇಳಿದ್ರಿ ಅಷ್ಟೇ. ರೀ, ಇನ್ನೊಂದ್ಸಲ."

ಮೇಸ್ತ್ರಿ ತಿರುಗಿಸಿಕೊಂಡು ಬಂದ. ಈ ಸಲ ದರ್ಜಿ ಕಿಟಕಿಗೆ ತಲೆ ಕೊಟ್ಟು, ಕಣ್ಣು ಮುಚ್ಚಿದ. ಗೋಡೆ ಅರ್ಧ ದಾಟಿದಾಗ ಅವನ ಹುಬ್ಬು ಮೇಲೆ ಹೋಯಿತು. "ಅತ್ತಿಗೆ, ಒಂಥರಾ ಇದೆ. ಕತ್ತರಿ ಮೊಂಡಾದಾಗ ದಪ್ಪ ಬಟ್ಟೆ ಮೇಲೆ ಉಜ್ಜುತ್ತಲ್ಲ, ಹಾಗೆ."

ಮೇಸ್ತ್ರಿ ಬೆಳಿಗ್ಗೆಯಿಂದ ಮೊದಲ ಸಲ ನಕ್ಕ. "ಅದು ಹೊಸ ಪ್ಯಾಡು. ತಟ್ಟೆಗೆ ಇನ್ನೂ ಒಗ್ಗಿಲ್ಲ. ಇಳಿಜಾರಲ್ಲಿ ನಾಲ್ಕು ಸಲ ಬ್ರೇಕ್ ಹಿಡಿದ್ರೆ ಹೋಗುತ್ತೆ."

ಮತ್ತೆ ಸೇತುವೆ, ಮತ್ತೆ ಇಳಿಜಾರು, ಮತ್ತೆ ಗೋಡೆ. ಸ್ಟೂಲಿನ ಮೇಲಿದ್ದ ಕಾವಲುಗಾರ ಇವರಿಗೇನು ಬಂದಿದೆ ಎಂದು ಎದ್ದು ನಿಂತು ನೋಡತೊಡಗಿದ. ದರ್ಜಿ ಉಸಿರೂ ಬಿಡದೆ ಕೇಳುತ್ತಿದ್ದ. ಅವನ ಹಿಂದೆ ಅತ್ತಿಗೆ ಅವನ ಕತ್ತನ್ನೇ ನೋಡುತ್ತ ಕೂತಿದ್ದಳು. ಇಷ್ಟು ವರ್ಷ ಊರಿನವರೆಲ್ಲ ಅವಳ ಒಂದು ಮಾತು ನಂಬಿ ಹೆಂಡಿರು ಮಕ್ಕಳನ್ನು ಕೂರಿಸಿಕೊಂಡು ಹೋಗಿದ್ದರು. ಹೀಗೆ ಇನ್ನೊಬ್ಬರ ಮಾತಿಗೆ ಕಾಯುತ್ತ ಕೂರುವುದು ಇಷ್ಟು ಕಷ್ಟ ಎಂದು ಅವಳಿಗೆ ತಿಳಿದದ್ದು ಈಗ.

"ಇಲ್ಲ" ಎಂದ ದರ್ಜಿ ಕೊನೆಗೆ. "ನಿಂತುಹೋಯ್ತು. ಈಗ ಏನೂ ಇಲ್ಲ."

"ನಂಗೆ ಕೇಳಿಸಲ್ಲಪ್ಪ. ನೀವು ಹೇಳಿದ್ದೇ ಕೊನೆ. ಸರಿ ಅಂದ್ರೆ ಸರಿ, ಹೊರಡಬಹುದು."

ದರ್ಜಿ ಗ್ಯಾರೇಜಿಗೆ ಹೋಗುವ ದಾರಿಯ ಕಡೆ ನೋಡಿದ, ಗಡಿಯಾರ ನೋಡಿದ. ಹಿಂದೆ ತಿರುಗಿ ಅತ್ತಿಗೆಯ ಪಕ್ಕದಲ್ಲಿದ್ದ ಪುಟ್ಟ ಹಾಸಿಗೆಯನ್ನು ನೋಡಿದ. ಆಮೇಲೆ ಮತ್ತೆ ಕಿಟಕಿಗೆ ತಲೆ ಕೊಟ್ಟ.

"ಅಣ್ಣ, ಇನ್ನೊಂದು ಸುತ್ತು ಹೋಗೋಣ" ಎಂದ.

ಮೇಸ್ತ್ರಿಗೆ ಅದು ಸರಿಯಾಗಿ ಕೇಳಿಸಲಿಲ್ಲ, ಅತ್ತಿಗೆ ಮುಂದಕ್ಕೆ ಬಾಗಿ ಅವನ ಕಿವಿಯ ಹತ್ತಿರ ಗಟ್ಟಿಯಾಗಿ ಹೇಳಿದಳು. ಅವನು ಸೇತುವೆಯ ಕಡೆಗೆ ಗಾಡಿ ತಿರುಗಿಸಿದ. ಅತ್ತಿಗೆ ಬೆನ್ನನ್ನು ಸೀಟಿಗೆ ಒರಗಿಸಿ ಕೂತಳು.